ಕಾಟಾ ಕೂಗಿದ ನೆಂಟಸ್ತನ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೊರಟರೆ, ರಾಜೇಶ್ವರ ದಾಟುತ್ತಲೇ, ಎಡಗಡೆಗೆ ಬಸವಣಪ್ಪನವರ ಕಾಟಾ, ಗಾಡಿ ಸಮೇತ ತೂಗುವ ತಕ್ಕಡಿ, ಸಿಗುತ್ತದೆ. ಕಬ್ಬು, ತೊಗರಿ, ಸೋಯಾ ಹೇರಿಕೊಂಡ ಟ್ರ್ಯಾಕ್ಟರು ಲಾರಿಗಳು ಅಲ್ಲಿನ ಕಬ್ಬಿಣದ ಹಾಸಿನ ಮೇಲೆ ಹತ್ತಿ ಒಂದು ಗಳಿಗೆ ನಿಲ್ಲುತ್ತವೆ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಓಂಪ್ರಕಾಶ ತೂಕ ನೋಡಿ ಚೀಟಿ ಹರಿದುಕೊಡುತ್ತಾನೆ. ಗಾಡಿ ಇಳಿದು ಹೋಗುತ್ತದೆ. ಇಷ್ಟೇ ಕೆಲಸ. ಇಂಥ ಕೆಲಸದಲ್ಲಿ ಒಬ್ಬ ಸಾಹೇಬರ ಮಾನ ಹೋಗಬಹುದು, ಹಳೆಯ ಬೀಗತನವೊಂದು ಮುರಿಯುವ ಹಂತಕ್ಕೆ ಬರಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾವೂ ನಕ್ಕು, ಎದುರಿನ ಅಬ್ದುಲ್ ಕರೀಂನ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಿದ್ದೆವು.

ಎಲ್ಲದಕ್ಕೂ ಕಾರಣ ಚಂದ್ರ.

ಓಂಪ್ರಕಾಶನದು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಜೀವ. ತಾಯಿ ಉಪ್ಪು ತಾ ಅಂದರೆ ಸಬಕಾರ ತರುತ್ತಿದ್ದ. ಸಬಕಾರ ತಾ ಅಂದರೆ ಹುಮನಾಬಾದಿನ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಏನೋ ತರಬೇಕಾಗಿತ್ತಲ್ಲ ಎಂದು ಯೋಚಿಸುತ್ತ ಬರಿಗೈಲಿ ಮನೆಗೆ ಬರುತ್ತಿದ್ದ. ಮಧ್ಯಾಹ್ನ ಕಾಟಾದ ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂಗಳು ಬೆಳ್ಳಗೆ ಅಲ್ಲಾಡುವಾಗ ಅವನ ಕಣ್ಣು ಅಲ್ಲಿಗೇ ಹೋಗಿ, ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯುವವರೆಗೂ ವಾಪಸು ಬರುತ್ತಿರಲಿಲ್ಲ.

ಕಾಟಾದ ಕಂಪ್ಯೂಟರಿನಲ್ಲಿದ್ದದ್ದು ಒಂದು ಹಳೆಯ ಪ್ರೋಗ್ರಾಮು. ಲಾತೂರ ಕಡೆಯ ಇಂಜಿನಿಯರೊಬ್ಬ ಅದನ್ನು ಬರೆದು, ಕಂಪೈಲ್ ಮಾಡಿ, ಹಾಕಿಕೊಟ್ಟು ಹೋದವನು ಮತ್ತೆ ಫೋನು ಎತ್ತಿಲ್ಲ. ಕಂಪೈಲ್ ಅಂದರೇನು ಎಂದು ಬಸವಣಪ್ಪನವರು ಒಮ್ಮೆ ಕೇಳಿದಾಗ ಓಂಪ್ರಕಾಶ ಹೀಗೆ ಹೇಳಿದ್ದ:

“ಜ್ವಾಳ ಬೀಸಿ, ಹಿಟ್ಟು ನಾದಿ, ಬಡದು, ಸುಟ್ಟು ಭಕ್ರಿ ಮಾಡಿರ್ತಾರ ನೋಡ್ರಿ ಮಾಲಕರ, ಹಂಗ. ತಿನ್ನಾಕ ಬರ್ತದ. ಆದ್ರ ಅದರಾಗಿಂದ ಒಂದು ಕಾಳು ಹೊರಗ ತಗೀತೀನಂದ್ರ ಬರಂಗಿಲ್ಲ.”

ಆದರೆ ಆ ಇಂಜಿನಿಯರು ಒಳ್ಳೆಯ ಮನುಷ್ಯನಿರಬೇಕು. ಹಳೆಯ ಮನೆ ಕಟ್ಟುವವರು ಕಲ್ಲಿನ ಗೋಡೆಯಲ್ಲಿ ದೀಪ ಇಡಲೆಂದು ಒಂದು ಮಾಡ ಬಿಡುತ್ತಾರಲ್ಲ, ಹಾಗೆ ಅವನೂ ಪರದೆಯ ಬಲಮೂಲೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದ. ಲುವಾ ಎಂಬ ಪುಟ್ಟ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಒಂದು ಫೋಲ್ಡರಿನಲ್ಲಿ ಇಟ್ಟರೆ ಸಾಕು. ಪ್ರೋಗ್ರಾಮು ಬೆಳಿಗ್ಗೆ ಏಳುವಾಗ ಅದನ್ನು ಓದಿಕೊಂಡು, ಬರೆದವನು ಹೇಳಿದ್ದನ್ನು ಆ ಮೂಲೆಯಲ್ಲಿ ಆಡಿಸುತ್ತದೆ. ಬಲ್ಲವರು ಅದನ್ನು ವಿಜೆಟ್ ಅನ್ನುತ್ತಾರೆ. ಗೋಡೆಯ ಒಂದು ಕಲ್ಲನ್ನೂ ಅಲ್ಲಾಡಿಸಬೇಕಿಲ್ಲ. ಮಾಡದಲ್ಲಿ ದೀಪವನ್ನಾದರೂ ಇಡು, ಬೆಂಕಿಪೆಟ್ಟಿಗೆಯನ್ನಾದರೂ ಇಡು, ನಿನ್ನಿಷ್ಟ.

ಇದನ್ನು ಓಂಪ್ರಕಾಶ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧಂಬರ್ಧ ಕಲಿತ. ಲುವಾ ಅಂದರೆ ಸಮುದ್ರದಾಚೆಯ ಯಾರದೋ ಮಾತಿನಲ್ಲಿ ಚಂದ್ರ ಎಂದು ಅರ್ಥವಂತೆ. ಅದು ತಿಳಿದ ಮೇಲೆ ಅವನಿಗೆ ಬೇರೇನೂ ತೋಚಲಿಲ್ಲ. ಮೂಲೆಯಲ್ಲಿ ಒಂದು ಚಂದ್ರ ಇಟ್ಟ. ತಿಥಿಗೆ ತಕ್ಕಂತೆ ಬೆಳೆಯುವ, ಕರಗುವ ಚಂದ್ರ. ಅದರ ಮುಂದೆ ಆಗಾಗ ಒಂದು ತೆಳ್ಳನೆಯ ಮೋಡ ಹಾದುಹೋಗುತ್ತಿತ್ತು. ಸುಡುಬಿಸಿಲಿನಲ್ಲಿ ಚೀಟಿಗೆ ಬಂದ ಡ್ರೈವರುಗಳು ಕಿಟಕಿಯಲ್ಲಿ ತಲೆ ಹಾಕಿ ಆ ಚಂದ್ರನನ್ನು ನೋಡಿ, ಎಲ್ಲಿಗೆ ಹೊರಟಿದ್ದೆವು ಎಂಬುದನ್ನು ಮರೆತು ನಿಲ್ಲತೊಡಗಿದರು.

ಆ ಚಂದ್ರನಿಗೆ ಇನ್ನಿಬ್ಬರು ಕಾಯಂ ಗಿರಾಕಿಗಳಿದ್ದರು. ಕಾಟಾದ ಹಿತ್ತಲಲ್ಲಿ ಬಸವಣಪ್ಪನವರ ಎಮ್ಮೆ ಕಟ್ಟಿತ್ತು. ಸಂಜೆ ಹಾಲು ಒಯ್ಯಲು ಅವರ ಕಿರಿಯ ಮಗಳು ರೂಪಾಲಿ ಬರುತ್ತಿದ್ದಳು. ಅವಳು ರಾಜೇಶ್ವರದ ಶಾಲೆಯಲ್ಲಿ ಗಣಿತ ಹೇಳಿ, ಕಲ್ಯಾಣದ ಮನೆಗೆ ಸ್ಕೂಟಿಯಲ್ಲಿ ಮರಳುವಾಗ ಅದು ದಾರಿ. ಅದೇ ಹೊತ್ತಿಗೆ ಎಮ್ಮೆಯ ಆರೋಗ್ಯ ವಿಚಾರಿಸಲು ದನದ ಡಾಕ್ಟರ್ ರತ್ನದೀಪ ಬರುತ್ತಿದ್ದ. ಆ ಎಮ್ಮೆಗೆ ಹುಟ್ಟಿದಾಗಿನಿಂದ ಒಂದು ಕೆಮ್ಮು ಸಹ ಬಂದದ್ದಿಲ್ಲ. ಆದರೂ ಬೀದರ ಜಿಲ್ಲೆಯಲ್ಲಿ ಅಷ್ಟು ಸಲ ಥರ್ಮಾಮೀಟರ್ ಕಂಡ ಎಮ್ಮೆ ಇನ್ನೊಂದಿಲ್ಲ.

“ಓಂ ಅಣ್ಣಾ, ನೀ ಏನೂ ನೋಡಿಲ್ಲ,” ಎನ್ನುತ್ತಿದ್ದಳು ರೂಪಾಲಿ.

“ನಾ ಚಂದ್ರನ್ನ ನೋಡಾಕತ್ತೀನವ್ವಾ,” ಎನ್ನುತ್ತಿದ್ದ ಓಂಪ್ರಕಾಶ. ಖರೆಯಾಗಿಯೂ ಅದನ್ನೇ ನೋಡುತ್ತಿದ್ದ.

ರತ್ನದೀಪ ರಾಜೇಶ್ವರದ ವೈಜಿನಾಥನ ಮಗ. ವೈಜಿನಾಥನ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ಬಸವಣಪ್ಪನವರ ಮನೆಯ ಗೋಡೆಯ ಮೇಲೆ ಬಸವಣ್ಣನವರ ಫೋಟೋ. ಫೋಟೋಗಳ ನಡುವೆ ಜಗಳವೇನೂ ಇರಲಿಲ್ಲ. ಆದರೆ ಅಪ್ಪನ ಮುಂದೆ ಈ ಮಾತು ತೆಗೆಯುವುದು ಹೇಗೆಂದು ರೂಪಾಲಿಗೆ ಗೊತ್ತಾಗದೆ ಎರಡು ಮುಂಗಾರು ಕಳೆದಿದ್ದವು. ಬಾಯಿಬಿಟ್ಟರೆ ಆಗುವುದಿಲ್ಲ ಅನ್ನಬಹುದು. ಬಿಡದಿದ್ದರೆ ಭಾಲ್ಕಿಯಿಂದಲೋ ಉದಗೀರಿನಿಂದಲೋ ಯಾವನಾದರೂ ನೋಡಲು ಬಂದು ಅವಲಕ್ಕಿ ತಿಂದು ಒಪ್ಪಿಬಿಡಬಹುದು.

ತಮಾಷೆಯೆಂದರೆ, ಪ್ರತಿ ವರ್ಷ ಬಸವ ಜಯಂತಿಗೆ ಕಲ್ಯಾಣದಲ್ಲಿ ಬಸವಣಪ್ಪನವರ ಭಾಷಣ ಇದ್ದೇ ಇರುತ್ತಿತ್ತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಇದೇ ನೆಲದಲ್ಲಿ ಲಗ್ನವಾದ ಪ್ರಸಂಗಕ್ಕೆ ಬಂದಾಗ ಅವರ ಗಂಟಲು ಕಟ್ಟುತ್ತಿತ್ತು. ಹೆಂಡತಿ ರುಕ್ಮಿಣಿಬಾಯಿ ವೇದಿಕೆಯ ಪಕ್ಕ ಟವೆಲ್ ಹಿಡಿದು ನಿಂತಿರುತ್ತಿದ್ದರು. ಗಂಟಲು ಕಟ್ಟುವ ಜಾಗ ಅವರಿಗೆ ಬಾಯಿಪಾಠ.

ಇಂಥ ಬಸವಣಪ್ಪನವರು ಒಂದು ದಿನ ಸೊಲ್ಲಾಪುರಕ್ಕೆ ಹೋಗಿ, ಅಲ್ಲೊಂದು ದೊಡ್ಡ ಆಸ್ಪತ್ರೆಯ ಲಿಫ್ಟು ಮಾತಾಡುವುದನ್ನು ಕೇಳಿ ಬಂದರು. ಬಂದವರೇ ಕಾಟಾದ ಪರದೆಯ ಮೇಲಿನ ಚಂದ್ರನನ್ನು ದಿಟ್ಟಿಸಿದರು.

“ಇದನ್ನ ಮಾಡಿದಾಂವ ನೀನ?”

“ಹೌದ್ರಿ. ತಪ್ಪಾಗಿದ್ರ ತಗೀತೀನ್ರಿ.”

“ಅಂದ್ರ ಇದು ನಾವು ಹೇಳ್ದಂಗ ಕೇಳ್ತದ?”

“ಮೂಲಿಯೊಳಗ ಮಾತ್ರ ಕೇಳ್ತದ್ರಿ.”

“ಹಂಗಾರ ಮೂಲಿಯೊಳಗ ಕುಂತೇ ಮಾತಾಡ್ಲಿ. ಸೊಲ್ಲಾಪುರದ ಲಿಫ್ಟು ಮಾತಾಡ್ತದ, ಖರೆ. ಆದ್ರ ಒಂದು ವರಸಿ ಇಲ್ಲ, ಏನಿಲ್ಲ. ಯಾರೋ ಹೆಣಮಗಳು ಯಾರಿಗೋ ಬಾಗಲಾ ಮುಚ್ಚತದ ಅಂತಾಳ. ನಮ್ಮ ಕಾಟಾ ಹಂಗ ಆಗಬಾರದು. ಬಂದವರನ್ನ ವರಸಿ ಹಿಡದು ಕರೀಬೇಕು. ಕಾಕಾ ಅನ್ನೋರಿಗೆ ಕಾಕಾ, ಮಾವ ಅನ್ನೋರಿಗೆ ಮಾವ. ಅದೂ ನನ್ನ ದನಿಯೊಳಗ.”

ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಬಸವಣಪ್ಪನವರು ಓಂಪ್ರಕಾಶನ ಮೊಬೈಲಿಗೆ ವರಸೆಗಳನ್ನು ಹೇಳಿದರು. “ಬರ್ರಿ ಕಾಕಾ, ಶರಣು ಶರಣಾರ್ಥಿ.” “ಬರ್ರಿ ಮಾವಾ, ಶರಣು ಶರಣಾರ್ಥಿ.” ಹಿರಿಯ ಮಗಳನ್ನು ಕೊಟ್ಟಿದ್ದು ಹಳ್ಳಿಖೇಡದ ವೀರಭದ್ರಪ್ಪನ ಮನೆಗೆ, ಆ ಬೀಗರಿಗೆಂದೇ ದನಿಯನ್ನು ಒಂದಿಷ್ಟು ಬೆಲ್ಲದಲ್ಲಿ ಅದ್ದಿ ಹೇಳಿದರು: “ಬರ್ರಿ ಬರ್ರಿ ಬೀಗರ! ಶರಣು ಶರಣಾರ್ಥಿ! ಮನಿಯಾಗ ಎಲ್ಲಾರೂ ಆರಾಮ?” ಅಷ್ಟರಲ್ಲಿ ಮಿಕ್ಸರ್ ಮಾರುವವನೊಬ್ಬ ಬಾಗಿಲು ಸರಿಸಿ ತಲೆ ಹಾಕಿದ. ಅದೇ ಉಸಿರಿನಲ್ಲಿ ಬಸವಣಪ್ಪನವರು ಗುಡುಗಿದರು: “ಯಾರಪ್ಪಾ ನೀ? ಹೊರಗ ನಿಂದ್ರು!”

ಅದೂ ಮೊಬೈಲಿಗೆ ಬಿತ್ತು.

ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ಗೋಡೆಯೊಳಗಿನ ಆ ದೊಡ್ಡ ಪ್ರೋಗ್ರಾಮು ಮಾಡದೊಳಕ್ಕೆ ಕೈಚಾಚಿ ಕೊಡುತ್ತಿದ್ದದ್ದು ಹಾಸಿನ ಬಳಿಯ ಕ್ಯಾಮೆರಾ ಓದಿದ ಗಾಡಿಯ ನಂಬರನ್ನು ಮಾತ್ರ. ಗಾಡಿಯಲ್ಲಿ ಕೂತವರ ಮುಖ ಅದಕ್ಕೆ ಕಾಣದು. ಆದ್ದರಿಂದ ಓಂಪ್ರಕಾಶ ಹಳೆಯ ಚೀಟಿಗಳಲ್ಲಿದ್ದ ಮಾಲಕರ ಹೆಸರು ನೋಡಿ ಒಂದೊಂದು ನಂಬರಿಗೆ ಒಂದೊಂದು ವರಸೆ ಕಟ್ಟಿದ. ಗುರುತಿಲ್ಲದ ನಂಬರು ಬಂದರೆ? ಅದಕ್ಕೂ ಒಂದು ಮಾತು ಬೇಕಲ್ಲ. ಸದ್ಯಕ್ಕಿರಲಿ, ಆಮೇಲೆ ಬದಲಾಯಿಸೋಣ ಎಂದು ಕೈಗೆ ಸಿಕ್ಕಿದ್ದನ್ನು ಹಾಕಿದ. ಆಮೇಲೆ ಕಿಟಕಿಯಾಚೆ ಸೂಲಂಗಿ ಅಲ್ಲಾಡಿತು. ಕೈಗೆ ಸಿಕ್ಕಿದ್ದು ಮಿಕ್ಸರಿನವನಿಗೆ ಹೇಳಿದ ಮಾತು.

ಮೊದಮೊದಲು ಎಲ್ಲ ಹಬ್ಬ. ಬಂದವರೆಲ್ಲ ಹಳೆಯ ಗಿರಾಕಿಗಳು. ಕಂಬಕ್ಕೆ ಕಟ್ಟಿದ ಸ್ಪೀಕರು “ಬರ್ರಿ ಕಾಕಾ” ಎಂದಾಗ ಮುದುಕರು ಟೋಪಿ ಸರಿಮಾಡಿಕೊಂಡರು. ಏನೂ ಹೇರದ ಟ್ರಾಲಿಗಳೂ ಸುಮ್ಮನೆ ಕರೆಸಿಕೊಳ್ಳಲು ಬಂದು ಹೋದವು.

“ಕ್ಯಾ ಬಾತ್ ಹೈ!” ಎಂದ ಅಬ್ದುಲ್ ಕರೀಂ. “ನಮ್ಮ ಸ್ವಂತ ಅಣ್ಣನ ಮಗ ಮಾರಿ ನೋಡಂಗಿಲ್ಲ. ಕಬ್ಬಿಣದ ಕಾಟಾ ಬಂದವರಿಗೆಲ್ಲಾ ಕಾಕಾ ಅಂತದ!”

ಆಮೇಲೆ ಬಂತು ಆ ಕೆಂಪು ಟ್ರ್ಯಾಕ್ಟರು.

ಅದು ಮೊದಲು ವೀರಭದ್ರಪ್ಪನದು. ಹೊಸದು ಕೊಂಡ ಮೇಲೆ ಹಳೆಯದನ್ನು ರಾಜೇಶ್ವರದ ವೈಜಿನಾಥನಿಗೆ ಕೊಟ್ಟಿದ್ದರು. ನಮ್ಮ ಕಡೆ ಟ್ರ್ಯಾಕ್ಟರ್ ಕೊಡುಕೊಳ್ಳುವುದು ಕೈಯ ಮೇಲೆ ಕೈ ಹಾಕಿ. ಹೆಸರು ಬದಲಾಯಿಸುವುದು “ನಾಳಿ ಮಾಡಿಸೋಣಂತ.” ಆ ನಾಳೆ ಇನ್ನೂ ಬಂದಿರಲಿಲ್ಲ. ಹೀಗಾಗಿ ಲೋಕದ ಲೆಕ್ಕದಲ್ಲಿ ಅದು ವೈಜಿನಾಥನ ಟ್ರ್ಯಾಕ್ಟರು. ಓಂಪ್ರಕಾಶನ ಲೆಕ್ಕದಲ್ಲಿ ಇನ್ನೂ ವೀರಭದ್ರಪ್ಪನದು.

ವೈಜಿನಾಥ ತನ್ನ ಹೊಲದ ಕಬ್ಬು ಹೇರಿಕೊಂಡು ಹಾಸಿನ ಮೇಲೆ ಹತ್ತಿದ. ಸ್ಪೀಕರು ಹೆದ್ದಾರಿಯ ಆಚೆ ದಡಕ್ಕೂ ಕೇಳುವಂತೆ, ಬೆಲ್ಲದಲ್ಲಿ ಅದ್ದಿದ ಬಸವಣಪ್ಪನವರ ದನಿಯಲ್ಲಿ ಕೂಗಿತು:

“ಬರ್ರಿ ಬರ್ರಿ ಬೀಗರ! ಶರಣು ಶರಣಾರ್ಥಿ! ಮನಿಯಾಗ ಎಲ್ಲಾರೂ ಆರಾಮ?”

ಕರೀಂ ಎತ್ತರದಿಂದ ಬಸಿಯುತ್ತಿದ್ದ ಚಹಾ ಗ್ಲಾಸು ಬಿಟ್ಟು ಅವನ ಕಾಲಿನ ಮೇಲೆ ಬಿತ್ತು. ಅವನಿಗೆ ಬಿಸಿ ಹತ್ತಲಿಲ್ಲ. ಸಾಲಿನಲ್ಲಿದ್ದ ಟ್ರ್ಯಾಕ್ಟರುಗಳು ಒಂದೊಂದಾಗಿ ಇಂಜಿನ್ ನಿಲ್ಲಿಸಿದವು, ಇನ್ನೂ ಏನಾದರೂ ಅಂದೀತೇ ಎಂದು. ವೈಜಿನಾಥ ಕರೆದರೆ ಓಗೊಡುವ ಮನುಷ್ಯ. ಕೆಳಗಿಳಿದ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಕಂಬದ ಮೇಲಿನ ಸ್ಪೀಕರಿನ ಕಡೆ ನೋಡಿ ಗಂಭೀರವಾಗಿ ಹೇಳಿದ:

“ಆರಾಮದೀವ್ರಿ.”

ಅವನ ಹಿಂದೆಯೇ ಸಾಲಿನಲ್ಲಿದ್ದವರು ಯಾರು? ಹೊಸ ನೀಲಿ ಟ್ರ್ಯಾಕ್ಟರಿನಲ್ಲಿ ಸ್ವತಃ ಹಳ್ಳಿಖೇಡದ ವೀರಭದ್ರಪ್ಪ. ತಮ್ಮ ಬೀಗರ ಬಾಯಲ್ಲಿ ಇನ್ನೊಬ್ಬರು ಬೀಗರಾದದ್ದನ್ನು ಕಿವಿಯಾರೆ ಕೇಳಿ, ಮುಖ ಬಿಗಿದುಕೊಂಡು ಹಾಸಿನ ಮೇಲೆ ಹತ್ತಿದರು. ಹೊಸ ಟ್ರ್ಯಾಕ್ಟರು, ಹೊಸ ನಂಬರು. ಸ್ಪೀಕರು ಅಂದಿತು:

“ಯಾರಪ್ಪಾ ನೀ? ಹೊರಗ ನಿಂದ್ರು!”

ವೀರಭದ್ರಪ್ಪ ತೂಕ ಮಾಡಿಸದೆ, ಹೇರಿದ ಕಬ್ಬು ಹೇರಿದ ಹಾಗೇ, ಹಳ್ಳಿಖೇಡದ ದಾರಿ ಹಿಡಿದರು. ಒಳಗೆ ಓಂಪ್ರಕಾಶ ಏನೂ ಗೊತ್ತಾಗದೆ ಚಂದ್ರನ ಮುಂದೆ ಹಾಯುವ ಮೋಡದ ವೇಗ ಸರಿಮಾಡುತ್ತ ಕೂತಿದ್ದ.

ಸುದ್ದಿ ಎರಡೂ ದಿಕ್ಕಿಗೆ ಹೊರಟಿತು. ಹುಮನಾಬಾದಿಗೆ ಮುಟ್ಟಿದ್ದು ಹೀಗೆ: ಬಸವಣಪ್ಪನವರು ಮೈಕ್ ಕಟ್ಟಿಸಿ ಮಗಳ ಸಂಬಂಧ ಸಾರಿದರು, ಹಳೆಯ ಬೀಗರನ್ನು ಹೊರಗೆ ಹಾಕಿದರು. ಕಲ್ಯಾಣಕ್ಕೆ ಮುಟ್ಟುವಾಗ ಅದಕ್ಕೆ ಬ್ಯಾಂಡು ಸೇರಿತ್ತು. ಊಟದ ಹೊತ್ತಿಗೆಲ್ಲ ಪಕ್ಕದ ಮನೆಯ ದ್ರೌಪತಿ ರುಕ್ಮಿಣಿಬಾಯಿಯ ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಏನ ರುಕ್ಮಿಣಕ್ಕಾ, ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದೀವಿ, ಒಂದು ಮಾತ ಹೇಳಬಾರದ? ರೂಪಾಲಿನ್ನ ರಾಜೇಶ್ವರದ ದನದ ಡಾಕ್ಟರಿಗೆ ಕೊಡಾಕತ್ತೀರಂತ. ಹುಡುಗ ಚಲೋ ಅದಾನ ಬಿಡು, ನಮ್ಮ ಆಕಳನ್ನ ಉಳಿಸ್ಯಾನ.”

ರುಕ್ಮಿಣಿಬಾಯಿಗೆ ತಲೆಬುಡ ಗೊತ್ತಿರಲಿಲ್ಲ. ಆದರೆ ತನ್ನ ಮನೆಯ ಸುದ್ದಿ ತನಗಿಂತ ಮೊದಲು ದ್ರೌಪತಿಗೆ ಗೊತ್ತು ಎಂದು ಒಪ್ಪಿಕೊಳ್ಳುವ ಹೆಂಗಸು ಅವರಲ್ಲ.

“ಹೇಳಾಕ ಬರಾಕತ್ತಿದ್ದೆ. ಸಿಹಿ ಮಾಡ್ಕೊಂಡೇ ಬರೋಣಂತ ತಡಾ ಆಯ್ತು,” ಎಂದು, ಆ ಮಾತನ್ನು ಉಳಿಸಿಕೊಳ್ಳಲು ಅಲ್ಲೇ ಒಲೆಯ ಮೇಲೆ ಶಿರಾಕ್ಕೆ ರವೆ ಹುರಿಯಲು ಇಟ್ಟರು. ದ್ರೌಪತಿ ಒಂದು ಬಟ್ಟಲು ತಿಂದು, ಒಂದು ಬಟ್ಟಲು ಕಟ್ಟಿಸಿಕೊಂಡು ಹೋದಳು.

ಸಂಜೆ ರೂಪಾಲಿ ಮನೆಗೆ ಬಂದಳು. “ಏನವ್ವಾ, ದನದ ಡಾಕ್ಟರಿಗೆ ನಿನ್ನ ಕೊಟ್ಟೀವಂತ?” ಎಂದು ತಾಯಿ ಕೇಳಿದ ಕೂಡಲೇ ಅವಳ ಕೈಯಲ್ಲಿದ್ದ ಹಾಲಿನ ಕ್ಯಾನು ನೆಲಕ್ಕೆ ಬಿತ್ತು.

“ಅಪ್ಪ ಒಪ್ಪ್ಯಾನ?”

ಈ ಎರಡು ಪದಗಳಿಂದ ರುಕ್ಮಿಣಿಬಾಯಿಗೆ ಎರಡು ಮುಂಗಾರಿನ ಕತೆ ತಿಳಿಯಿತು. ಎಮ್ಮೆಯ ಜ್ವರವೂ ತಿಳಿಯಿತು.

ಬಸವಣಪ್ಪನವರು ಅಂದು ಬೀದರಿಗೆ ಹೋಗಿದ್ದರು. ಬರುವಾಗ ದಾರಿಯುದ್ದಕ್ಕೂ ಜನ ಕೈಮುಗಿದು, “ಅನ್ನೋದನ್ನ ಮಾಡಿ ತೋರಿಸಿದ್ರಿ!” ಎನ್ನುತ್ತಿದ್ದರು. ಭಾಷಣದ ಖ್ಯಾತಿ ಎಂದುಕೊಂಡು ಅವರೂ ಕೈಮುಗಿಯುತ್ತ ಬಂದರು. ತಾಟಿನಲ್ಲಿ ಶಿರಾ ಕಂಡು, “ಇವತ್ತ ಯಾವ ಹಬ್ಬ?” ಎಂದರು. ಹೆಂಡತಿ ಹೇಳಿದರು. ಬಾಯೊಳಗಿನ ಶಿರಾ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

“ನಾ ಯಾವಾಗ ಅಂದೆ?”

“ಮಂದಿ ನಿಮ್ಮ ದನಿ ಕೇಳ್ಯಾರ.”

“ಅದು ಕಾಟಾ ಅಂದಿದ್ದು! ಭಾಷಣ ಬ್ಯಾರೆ, ಮನಿ ಬ್ಯಾರೆ, ತಿಳೀತ?”

ರುಕ್ಮಿಣಿಬಾಯಿ ಸೌಟು ಕೆಳಗಿಟ್ಟರು. “ಹಂಗಾರ ಇಷ್ಟ ವರ್ಷ ನಾ ಟವೆಲ್ ಹಿಡಕೊಂಡು ನಿಂತಿದ್ದು ಯಾತಕ್ಕ?”

ಬಸವಣಪ್ಪನವರು ಓಂಪ್ರಕಾಶನಿಗೆ ಫೋನು ಮಾಡಿ, “ತಗಿ ಅದನ್ನ! ಎಲ್ಲಾ ತಗಿ!” ಎಂದು ಕಿರುಚಿದರು. ಆಚೆ ಕೋಣೆಯಲ್ಲಿ ರೂಪಾಲಿ ಬೆಳಗಾಗುವವರೆಗೂ ಮಕ್ಕಳ ಉತ್ತರಪತ್ರಿಕೆ ತಿದ್ದಿದಳು. ಆ ಸಲ ತಪ್ಪು ಲೆಕ್ಕಕ್ಕೂ ಸರಿ ಗುರುತು ಬಿತ್ತು ಎಂದು ಮಕ್ಕಳು ಈಗಲೂ ನೆನೆಯುತ್ತಾರೆ.

ಓಂಪ್ರಕಾಶ ಬೆಳಿಗ್ಗೆ ಫೋಲ್ಡರಿನಿಂದ ಆ ಫೈಲನ್ನು ತೆಗೆದ. ಚಂದ್ರನನ್ನೂ ದನಿಯನ್ನೂ ಅವನು ಒಂದೇ ಫೈಲಿನಲ್ಲಿ ಬರೆದಿದ್ದರಿಂದ ಚಂದ್ರನೂ ಹೋಯಿತು. ಪರದೆಯ ಮೂಲೆ ಎಣ್ಣೆ ಮುಗಿದ ಮಾಡದಂತೆ ಕಪ್ಪಗಾಯಿತು. ಚೀಟಿಗೆ ಬಂದ ಡ್ರೈವರುಗಳು ಒಳಗೆ ಇಣುಕಿ, ಯಾರೋ ಊರು ಬಿಟ್ಟು ಹೋದವರನ್ನು ಹುಡುಕುವಂತೆ ಹುಡುಕಿ, ಚೀಟಿ ಹಿಡಿದು ಹೋದರು.

ವೈಜಿನಾಥನ ಕೆಂಪು ಟ್ರ್ಯಾಕ್ಟರು ಮತ್ತೆ ಬಂತು. ರಸ್ತೆಯ ಎರಡೂ ಬದಿಗೆ ಜನ ನಿಂತಿದ್ದರು. ಟ್ರ್ಯಾಕ್ಟರು ಹಾಸಿನ ಮೇಲೆ ಹತ್ತಿತು. ಸ್ಪೀಕರು ಸುಮ್ಮನಿತ್ತು. ವೈಜಿನಾಥ ಕೆಳಗಿಳಿದು ಕಂಬದ ಕಡೆ ಮುಖ ಎತ್ತಿದ. ಟವೆಲ್ ಬಿಚ್ಚಿ ಹೆಗಲಿಗೂ ಹಾಕಿಕೊಂಡ. ಕಾಗೆಯೊಂದು ಸ್ಪೀಕರಿನ ಮೇಲೆ ಕೂತು ಹಾರಿಹೋಯಿತು. ಅವನು ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡು, ಚೀಟಿ ತೆಗೆದುಕೊಂಡು ಹೋದ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಬಸವಣಪ್ಪನವರು ಇಡೀ ಹೊತ್ತು ತಮ್ಮ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದರು.

“ನಿನ್ನಿ ಬೀಗ, ಇವತ್ತ ಮೂಕ,” ಎಂದ ಕರೀಂ, ಯಾರಿಗೂ ಅಲ್ಲದೆ ಎಲ್ಲರಿಗೂ. “ಬಸವಣಪ್ಪ ಭಾಯ್, ಈ ಸಲದ ಜಯಂತಿಗೆ ಭಾಷಣ ನೀವು ಮಾಡ್ತೀರೋ, ನಿಮ್ಮ ಕಾಟಾ ಮಾಡ್ತದೋ? ಅದು ಚಲೋ ಮಾಡಿತ್ತು.”

ಇದರ ಮೇಲೆ ತೂಕ ಅಳತೆ ನೋಡುವ ಸಾಹೇಬರು ಜೀಪಿನಲ್ಲಿ ಬಂದರು. ವೀರಭದ್ರಪ್ಪ ದೂರು ಕೊಟ್ಟಿದ್ದರು: ಈ ಕಾಟಾ ಮುಖ ನೋಡಿ ಮಣೆ ಹಾಕುತ್ತದೆ, ಬೀಗರಿಗೊಂದು ತೂಕ, ಮಂದಿಗೊಂದು ತೂಕ.

“ಎಲ್ಲಿ, ಮಾತಾಡಸು,” ಎಂದರು ಸಾಹೇಬರು.

“ತಗದೀನ್ರಿ ಸಾಹೇಬರ.”

“ಪುರಾವೆ ತಗದೀಯ? ಮೊದಲ ಹಾಕು!”

ಓಂಪ್ರಕಾಶ ಗಾಬರಿಯಿಂದ ಫೈಲನ್ನು ಮತ್ತೆ ಫೋಲ್ಡರಿಗೆ ಹಾಕಿ, ಪ್ರೋಗ್ರಾಮನ್ನು ಮಲಗಿಸಿ ಎಬ್ಬಿಸಿದ. ಮೂಲೆಯಲ್ಲಿ ಚಂದ್ರ ಮೂಡಿತು. ಕಿಟಕಿಯ ಹೊರಗೆ ಯಾರೋ ನಿಟ್ಟುಸಿರು ಬಿಟ್ಟರು. ಸಾಹೇಬರು ತಮ್ಮ ಕಬ್ಬಿಣದ ತೂಕದ ಕಲ್ಲುಗಳನ್ನು ಇಡಿಸಿ ನೋಡಿದರು. ಎಲ್ಲಿಯೂ ಒಂದು ಕೂದಲೆಳೆ ಹೆಚ್ಚುಕಮ್ಮಿ ಇರಲಿಲ್ಲ. ಸರಿ, ಹೊರಡಬಹುದಿತ್ತು. ಆದರೆ ಮನುಷ್ಯರಲ್ಲವೇ?

“ನಮ್ಮ ಜೀಪಿಗೆ ಏನಂತದ?” ಎಂದು ನಾಚಿಕೊಂಡು ಕೇಳಿದರು.

ಬ್ಯಾಡ್ರಿ ಅನ್ನುವಷ್ಟರಲ್ಲಿ ಜೀಪು ಹಾಸಿನ ಮೇಲಿತ್ತು. ಸಾಹೇಬರು ಟೈ ಸರಿಮಾಡಿಕೊಂಡು ಸೀಟಿನಲ್ಲಿ ನೆಟ್ಟಗೆ ಕೂತರು.

“ಯಾರಪ್ಪಾ ನೀ? ಹೊರಗ ನಿಂದ್ರು!”

ಕರೀಂನ ಅಂಗಡಿಯ ಬೆಂಚು ನಗುವವರ ಭಾರಕ್ಕೆ ಮುರಿಯಿತು. ಸಾಹೇಬರು ಬಹಳ ಹೊತ್ತು ಏನೋ ಬರೆದು, ಓದಿ ಹೇಳಿದರು: “ತೂಕ ಬರೋಬ್ಬರಿ ಅದ. ವರಸಿ ನಮ್ಮ ಇಲಾಖೆಗೆ ಬರಂಗಿಲ್ಲ. ಆದ್ರ ಈ ಚಂದ್ರ ಮಂಜೂರಾತಿಯೊಳಗ ಇಲ್ಲ. ಮ್ಯಾಲಿನವರು ತೀರ್ಮಾನ ಮಾಡೋತನಕ ಈ ಮೂಲಿ ಹ್ಯಾಂಗದನೋ ಹಂಗೇ ಇರಬೇಕು. ಯಾರೂ ಏನೂ ತಗೀಬಾರದು, ಏನೂ ಸೇರಿಸಬಾರದು.” ಕಂಪ್ಯೂಟರಿಗೆ ಸುತ್ತ ದಾರ ಕಟ್ಟಿ ಅರಗು ಒತ್ತಿ ಹೋದರು.

ಅಲ್ಲಿಗೆ ಇಂಜಿನಿಯರು ಕಂಪೈಲ್ ಮಾಡದೆ ಬಿಟ್ಟಿದ್ದ ಒಂದೇ ಒಂದು ಮೂಲೆಯನ್ನು ಸರ್ಕಾರ ಮಾಡಿ ಮುಗಿಸಿತು.

ಆಗಲೇ ಓಂಪ್ರಕಾಶನಿಗೆ ಟ್ರ್ಯಾಕ್ಟರಿನ ವಿಷಯ ಹೊಳೆದದ್ದು. ಇಷ್ಟು ದಿನ ಹೊಳೆಯದ್ದಕ್ಕೆ ನೀವು ಅವನನ್ನು ಬಯ್ಯಬೇಡಿ, ಹೊಳೆದದ್ದೇ ದೊಡ್ಡದು. “ಮಾಲಕರ, ಅದು ವೀರಭದ್ರಪ್ಪ ಕಾಕಾರ ಹಳೀ ಟ್ರ್ಯಾಕ್ಟರ್ರಿ. ನಂಬರ ಅದೇ ಅದ. ಅದಕ್ಕ ಹಂಗ ಅಂದದ.”

ಬಸವಣಪ್ಪನವರ ಮುಖ ಅರಳಿತು. “ನಡಿ ರಾಜೇಶ್ವರಕ್ಕ! ಕೈಮುಗದು, ನಂಬರ ತಪ್ಪಾಗ್ಯಾದ, ಮನಸಿಗೆ ಹಚ್ಕೋಬ್ಯಾಡ್ರಿ ಅಂತ ಹೇಳಿ ಬರೋಣ. ಮುಗೀತು.”

ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದು ರೂಪಾಲಿ ನಿಂತಿದ್ದಳು. ಓಂಪ್ರಕಾಶ ಚಂದ್ರನ ಕಡೆ ತಿರುಗಿದ. ಮೊದಲ ಸಲ ಅದು ಅವನಿಗೆ ಸರಿಯಾಗಿ ಕಾಣಲಿಲ್ಲ.

ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತ ಬಸವಣಪ್ಪನವರು, “ನಂಬರ ತಪ್ಪಾಗ್ಯಾದ್ರಿ, ನಂಬರ ತಪ್ಪಾಗ್ಯಾದ್ರಿ” ಎಂದು ಪಾಠ ಮಾಡುತ್ತ ಬಂದರು. ಸಂಜೆಯ ಬಿಸಿಲಿನಲ್ಲಿ ಕಬ್ಬಿನ ಹೊಲಗಳು ಬಂಗಾರದ ಹೊಗೆಯಲ್ಲಿ ತೇಲುತ್ತಿದ್ದವು. ವೈಜಿನಾಥ ಅಂಗಳದಲ್ಲಿ ಹೊರಸು ಹಾಸಿ ಕೂರಿಸಿದ. ರತ್ನದೀಪ ಗೋರ್ಟಾದಲ್ಲಿ ಯಾರದೋ ಆಕಳು ಈಯುವುದಿದೆಯೆಂದು ಹೋಗಿದ್ದ. ಅವನ ತಾಯಿ ಮುಕ್ತಾಬಾಯಿ ಚಹಾ ತಂದಿಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

ಬಸವಣಪ್ಪನವರು ಬಾಯಿ ತೆರೆದರು. ಮುಕ್ತಾಬಾಯಿ ಮೊದಲಾದಳು.

“ಒಂದಿನಾ ಮೈಕಿನಾಗ ಕರದ್ರಿ. ಮರುದಿನ ಬಾಯಿ ಹೊಲಕೊಂಡು ಕುಂತ್ರಿ. ಈ ಮನಶ್ಯಾ ಹತ್ತು ಮಂದ್ಯಾಗ ಕಾಟಾದ ಮ್ಯಾಲ ನಿಂತು, ಮ್ಯಾಲ ನೋಡಿ, ಹಂಗೇ ಬಂದಾನ. ರಾತ್ರಿ ಉಂಡಿಲ್ಲ. ಅದಕ್ಕೇನಂತೀರಿ?”

“ಇರ್ಲಿ ಬಿಡು,” ಎಂದ ವೈಜಿನಾಥ ಮೆಲ್ಲಗೆ. “ಮಶೀನು ಅದು.”

ಬಸವಣಪ್ಪನವರಿಗೆ ತಮ್ಮ ಚಪ್ಪಲಿಯ ಉಂಗುಷ್ಠ ನೆನಪಾಯಿತು. ಗಂಟಲು ಕಟ್ಟಿತು. ಇದು ಭಾಷಣದಲ್ಲಿ ಕಟ್ಟುವ ಜಾಗವಲ್ಲ. ಟವೆಲ್ ಹಿಡಿದು ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. “ಅದು ತಪ್ಪಾಯ್ತವ್ವಾ,” ಎಂದರು. “ಸುಮ್ಮ ನಿಂತಿದ್ದು ಮಶೀನಲ್ಲ. ನಾನ.”

ಮುಕ್ತಾಬಾಯಿ ಒಂದಿಷ್ಟು ತಣ್ಣಗಾದಳು. ಹೊರಸಿನ ಎದುರಿಗೆ ಕೂತಳು.

“ಆಯ್ತು. ಹಂಗಂತ ನಿಮ್ಮ ಮಗಳನ್ನ ತಂದ್ಕೋತೀವಂತ ತಿಳೀಬ್ಯಾಡ್ರಿ. ನಮಗ ಈ ಸಂಬಂಧ ಬ್ಯಾಡ.”

ಬಸವಣಪ್ಪನವರು ಇದನ್ನೇ ಕೇಳಲು ಬಂದಿದ್ದರು. ಕೇಳಿದರು. ಎದ್ದು ಕೈಮುಗಿದು ಹೊರಡುವುದೊಂದೇ ಬಾಕಿ. ಆದರೆ ಅವರು ಏಳಲಿಲ್ಲ.

“ಯಾಕ?” ಎಂದರು.

“ಆಕೀಗ ಭಕ್ರಿ ಬಡಿಯಾಕ ಬರಂಗಿಲ್ಲಂತ. ನನ್ನ ಮಗ ದಿನಾ ದನದ ಹಿಂದ ತಿರುಗಿ ಹಸದು ಬರ್ತಾನ. ಆಕಿ ಅವನಿಗೆ ಏನು, ಲೆಕ್ಕ ಬಡಸ್ತಾಳ?”

“ಬರಂಗಿಲ್ಲಂತ ಯಾರಂದ್ರು?”

“ನಿಮ್ಮ ದ್ರೌಪತಿಬಾಯಿ ಮೊನ್ನಿ ಸಂತಿಯಾಗ ಅಂದಳು.”

“ಆ ದ್ರೌಪತಿ!” ಬಸವಣಪ್ಪನವರು ಹೊರಸಿನ ಮೇಲೆ ನೆಟ್ಟಗಾದರು. “ನನ್ನ ಮಗಳಿಗೇನು ಕಮ್ಮಿ ಅದ್ರೀ? ಇಡೀ ತಾಲೂಕಿನಾಗ ಗಣಿತದಾಗ ಆಕೀನ ಮೀರಸೋರಿಲ್ಲ. ಹಾಲು ಹಿಂಡ್ತಾಳ, ಸ್ಕೂಟಿ ಹೊಡೀತಾಳ. ಭಕ್ರಿ ಅಂದ್ರ ಏನು? ಗುಂಡಗ ಇರ್ತದ. ವರ್ತುಲ ಅದು! ಆಕಿ ದಿನಾ ಮಕ್ಕಳಿಗೆ ಅದನ್ನೇ ಹೇಳಿಕೊಡ್ತಾಳ!”

“ವರ್ತುಲ ತಿಂದ್ರ ಹೊಟ್ಟಿ ತುಂಬತದ?”

“ಕಲೀತಾಳ! ಯುಗಾದಿಯೊಳಗ ಕಲೀತಾಳ. ಕಲೀಲಿಲ್ಲಂದ್ರ ನನ್ನ ಹೆಸರು ಬಸವಣಪ್ಪ ಅಲ್ಲ. ನಾನ ನಿಂತು ಕಲಸ್ತೀನಿ!”

“ನಿಮಗ ಬರ್ತದೇನು?” ಎಂದು ವೈಜಿನಾಥ ಆಸಕ್ತಿಯಿಂದ ಕೇಳಿದ.

“ಮತ್ತ ನಿಮ್ಮ ಹುಡುಗ ಏನು ಭಾರಿ?” ಬಸವಣಪ್ಪನವರು ನಿಲ್ಲಿಸಲಿಲ್ಲ. “ನಮ್ಮ ಎಮ್ಮಿಗೆ ಜ್ವರಾ ಇಲ್ಲ, ಏನಿಲ್ಲ, ದಿನಾ ಬಂದು ಥರ್ಮಾಮೀಟರ್ ಇಟ್ಟಾನಂತ!”

ಮುಕ್ತಾಬಾಯಿಗೆ ನಗು ತಡೆಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಅದೂ ಖರೇ ನೋಡ್ರಿ. ನಮ್ಮನಿ ಎಮ್ಮಿಗೆ ಒಂದಿನಾ ಕೈ ಹಚ್ಚಿಲ್ಲ,” ಎಂದಳು. ಆಮೇಲೆ ಒಳಗೆ ಹೋಗಿ ಎರಡನೆಯ ಚಹಾಕ್ಕೆ ಬೆಲ್ಲ ಹಾಕಿದಳು.

ಮರಳುವಾಗ ಕಬ್ಬಿನ ಹೊಲಗಳ ಮೇಲೆ ಚಂದ್ರ ಬಂದಿತ್ತು. ಓಂಪ್ರಕಾಶ ಬೈಕನ್ನು ನಡೆಯುವವರಿಗಿಂತ ನಿಧಾನವಾಗಿ ಬಿಡುತ್ತಿದ್ದ. ಬಸವಣಪ್ಪನವರು ನಿದ್ದೆಯಿಂದ ಎದ್ದವರಂತೆ ಕೇಳಿದರು:

“ಓಂಪ್ರಕಾಶ, ನಾವು ಏನು ಹೇಳಾಕ ಹೋಗಿದ್ದೆವು?”

“ನಂಬರ ತಪ್ಪಾಗ್ಯಾದಂತ್ರಿ.”

“ಹೇಳಿದ್ನೇನು?”

“ಇಲ್ರಿ.”

ಒಂದು ಹೊಲ ಕಳೆಯಿತು, ಇನ್ನೊಂದು ಕಳೆಯಿತು. ಒಂದು ತೆಳ್ಳನೆಯ ಮೋಡ ಚಂದ್ರನ ಮುಂದೆ ಹಾದುಹೋಯಿತು.

“ನಿನ್ನ ಮೋಡ ಇದಕ್ಕಿಂತ ಜರಾ ಜೋರು ಓಡ್ತದ,” ಎಂದರು ಬಸವಣಪ್ಪನವರು. “ನಿಧಾನ ಮಾಡು.”

“ಅರಗು ಒತ್ಯಾರ್ರಿ.”

“ಹೌದಲ್ಲ. ಹಂಗಾರ ಇರ್ಲಿ ಬಿಡು. ಎಲ್ಲಾ ಹಂಗೇ ಇರ್ಲಿ.”

ಮ್ಯಾಲಿನವರ ತೀರ್ಮಾನ ಇನ್ನೂ ಬಂದಿಲ್ಲ. ಆದ್ದರಿಂದ ಹಳ್ಳಿಖೇಡದ ವೀರಭದ್ರಪ್ಪ ಬಂದಾಗಲೆಲ್ಲ ಕಾಟಾ ಈಗಲೂ “ಯಾರಪ್ಪಾ ನೀ?” ಎನ್ನುತ್ತದೆ. ರುಕ್ಮಿಣಿಬಾಯಿ ಶಿರಾ ಕಟ್ಟಿಕೊಂಡು ಹೋಗಿ ರಾಜಿ ಮಾಡಿ ಬಂದ ಮೇಲೆ ಅವರೂ ಟ್ರ್ಯಾಕ್ಟರಿನಿಂದಲೇ ಕೂಗುತ್ತಾರೆ: “ನಿಮ್ಮ ಹಳೀ ಬೀಗ! ಮೊದಲ ತೂಕ ಮಾಡು!” ರೂಪಾಲಿಯ ಮೊದಲ ಭಕ್ರಿ ಎಮ್ಮೆಗೆ ಹೋಯಿತು. ಮರುದಿನ ಡಾಕ್ಟರ್ ರತ್ನದೀಪ ಅದರ ಜ್ವರ ನೋಡಿದ್ದು ಮಾತ್ರ ಖರೆ ಕಾರಣಕ್ಕೆ.

ಮತ್ತೆ ಆ ಕೆಂಪು ಟ್ರ್ಯಾಕ್ಟರು ಬಂದ ದಿನ ರಸ್ತೆಯ ಎರಡೂ ಬದಿಗೆ ಜನ ನಿಂತಿದ್ದರು. ಕರೀಂ ಹೊಸ ಬೆಂಚು ಹಾಕಿಸಿದ್ದ. ಗಾಲಿ ಹಾಸನ್ನು ಮುಟ್ಟುವ ಮೊದಲೇ ಬಸವಣಪ್ಪನವರು ಕೋಣೆಯಿಂದ ಓಡಿ ಬಂದು, ಏದುಸಿರಿನಲ್ಲಿ, ಬೆಲ್ಲವಿಲ್ಲದ ತಮ್ಮ ಒರಟು ದನಿಯಲ್ಲಿ ಹೇಳಿದರು:

“ಬರ್ರಿ ಬೀಗರ. ಶರಣು ಶರಣಾರ್ಥಿ. ಮನಿಯಾಗ ಎಲ್ಲಾರೂ ಆರಾಮ?”

ಅವರ ಮಾತು ಮುಗಿಯುವಷ್ಟರಲ್ಲಿ ಕಂಬದ ಮೇಲಿನ ಸ್ಪೀಕರೂ ಅದನ್ನೇ ಅಂದಿತು.

ವೈಜಿನಾಥ ಕೆಳಗಿಳಿದ. ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಬಸವಣಪ್ಪನವರ ಮುಖ ನೋಡಿ, “ಆರಾಮದೀವ್ರಿ,” ಎಂದ. ಆಮೇಲೆ, ಮೊದಲು ಕರೆದದ್ದು ಅದೇ ಅಲ್ಲವೇ ಎಂಬಂತೆ, ಕಂಬದ ಕಡೆಗೂ ಮುಖ ಎತ್ತಿ ಇನ್ನೊಂದು ಸಲ ಹೇಳಿದ:

“ಆರಾಮದೀವ್ರಿ.”